ಎಂಟುನೂರು ಬೈಠಕಕ್ಕೆ ಒಂದು ಪನ್ಹಾಳಾ

ಕೊಲ್ಹಾಪುರದ ಖಾಸಬಾಗ ಮೈದಾನದಲ್ಲಿ ಕುಸ್ತಿ ನೋಡಲು 30,000 ಮಂದಿ ಕೂರಬಹುದು. ನಡುವಿನ ಕೆಮ್ಮಣ್ಣಿನ ಅಖಾಡದಲ್ಲಿ ಸೆಣಸುವವರು ಇಬ್ಬರೇ. ಒಬ್ಬ ಪೈಲ್ವಾನನಿಗೆ 15,000 ನೋಡುಗರು ಎಂದಾಯಿತು. 1902ರಲ್ಲಿ ಇಂಗ್ಲೆಂಡಿನ ಅರಸನ ಪಟ್ಟಾಭಿಷೇಕಕ್ಕೆಂದು ಹೊರಟ ಕೊಲ್ಹಾಪುರದ ಶಾಹು ಮಹಾರಾಜರು ರೋಮಿನ ಹಳೆಯ ರಂಗಸ್ಥಳ ನೋಡಿ ಬಂದು, ಯಾವ ಮೂಲೆಯಲ್ಲಿ ಕೂತರೂ ಅಖಾಡ ಕಾಣುವಂತೆ ಇದನ್ನು ಕಟ್ಟಿಸಿದರು. 1912ರಲ್ಲಿ ಕೆಲಸ ಮುಗಿಯಿತು.

ಆ ಮೆಟ್ಟಿಲ ಮೇಲೆ ಕೂತು ಪಟ್ಟು ಹೇಳಿಕೊಡುವ ಐವತ್ತರ ಗಂಡಸರಲ್ಲಿ ಎಷ್ಟೋ ಮಂದಿ ಇಪ್ಪತ್ತರಲ್ಲಿ ತಾಲೀಮಿನ, ಅಂದರೆ ಗರಡಿಯ, ಮಣ್ಣು ಮೈಗೆ ಹಚ್ಚಿಕೊಂಡವರು. ಗಡಹಿಂಗ್ಲಜ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಕನ್ನಡದ ಹುಡುಗರೂ ಹಾಸಿಗೆ ಸುತ್ತಿಕೊಂಡು ಇಲ್ಲಿಗೇ ಬಂದರು. 1959ರಲ್ಲಿ ಹಿಂದ್ ಕೇಸರಿ ಬಿರುದು ಗೆದ್ದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ಪಳಗಿದ್ದು ಶಾಹುಪುರಿ ತಾಲೀಮಿನಲ್ಲಿ. ಅವರಂತಾಗಲು ಬಂದ ಉಳಿದವರು ಒಂದೆರಡು ಜಾತ್ರೆಯ ಕುಸ್ತಿ ಹಿಡಿದು, ಮದುವೆಯಾಗಿ, ಕಬ್ಬು, ಮಗ್ಗ, ಕಚೇರಿ ಎಂದು ಚದುರಿದರು. ಜೋರ್-ಬೈಠಕ ನಿಂತವು. ಊಟ ಮಾತ್ರ ಪೈಲ್ವಾನನದೇ ಉಳಿಯಿತು. ಗಂಗಾವೇಶದ ದೂಧ್ ಕಟ್ಟೆಯಲ್ಲಿ ಎದುರಿಗೇ ಎಮ್ಮೆ ಕರೆದು ಕೊಟ್ಟ ನೊರೆಹಾಲಿನ ಗ್ಲಾಸನ್ನು ಯಾರು ತಾನೇ ಬಿಡುತ್ತಾರೆ!

ಈಗ ಐವತ್ತರಲ್ಲಿ ಮತ್ತೆ ಶುರು ಮಾಡಿದರೆ ಏನು ಸಿಗುತ್ತದೆ? ಲೆಕ್ಕ ಹಾಕಿ ನೋಡೋಣ.

ತಾಲೀಮಿನಲ್ಲಿ ಎಲ್ಲಕ್ಕೂ ಎಣಿಕೆಯುಂಟು. ಅರಿಸಿನ, ಮಜ್ಜಿಗೆ, ಎಣ್ಣೆ, ನಿಂಬೆರಸ ಬೆರೆಸಿ ಹದ ಮಾಡಿದ ಮಣ್ಣಿನ ಹುಳಿವಾಸನೆಯ ಪಕ್ಕದಲ್ಲೇ, ಕಲ್ಲುಹಾಸಿನ ಮೇಲೆ ಹುಡುಗರು ಬೆಳಗಿನ ಜಾವ ಬೈಠಕ ಹೊಡೆಯುತ್ತಾರೆ. ಕಾಲಡಿಯ ಕಲ್ಲು ಬೆವರಿಗೆ ಕಪ್ಪಾಗುತ್ತದೆ. ಕೂತು ಏಳುವ ಒಂದು ಬೈಠಕದಲ್ಲಿ ಮೈಯ ಭಾರ ಹೆಚ್ಚುಕಡಿಮೆ ಅರ್ಧ ಮೀಟರ್ ಮೇಲೇಳುತ್ತದೆ. ಊರಿನ ಮಟ್ಟದಿಂದ ಪನ್ಹಾಳಾ ಕೋಟೆ ಸುಮಾರು 400 ಮೀಟರ್ ಎತ್ತರ. ಹಾಗಾಗಿ 800 ಬೈಠಕ ಹೊಡೆದವನು ಇದ್ದ ಜಾಗದಿಂದ ಕದಲದೆ ಪನ್ಹಾಳಾ ಹತ್ತಿದ ಹಾಗೆ. ದಿನಕ್ಕೆ 20 ಹೊಡೆಯುವವನು 40 ದಿನಕ್ಕೆ ಕೋಟೆಯ ಬಾಗಿಲು ಮುಟ್ಟುತ್ತಾನೆ.

ಇನ್ನು ಇದರ ಖರ್ಚು. 70 ಕಿಲೋ ಮೈಯನ್ನು 400 ಮೀಟರ್ ಎತ್ತುವ ಕೆಲಸ 66 ಕ್ಯಾಲೊರಿಗೂ ಕಡಿಮೆ. ತಿಂದದ್ದರಲ್ಲಿ ನಾಲ್ಕನೇ ಅಥವಾ ಐದನೇ ಒಂದು ಪಾಲನ್ನಷ್ಟೇ ನಮ್ಮ ಸ್ನಾಯು ಕೆಲಸಕ್ಕೆ ಹಚ್ಚುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗೆ ನೋಡಿದರೂ ಒಟ್ಟು ಖರ್ಚು ಸುಮಾರು 300 ಕ್ಯಾಲೊರಿ. ಅದು 80 ಗ್ರಾಂ ಕೊಲ್ಹಾಪುರಿ ಬೆಲ್ಲದಲ್ಲಿ ತೀರುತ್ತದೆ. ಮುಷ್ಟಿಯೊಳಗೆ ಅಡಗುವ ಒಂದು ಉಂಡೆ ಬೆಲ್ಲಕ್ಕೆ ಒಂದು ಕೋಟೆ! ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಷ್ಟನ್ನು ಬೈಠಕದಿಂದಲೇ ಕರಗಿಸಬೇಕಾದರೆ ಪನ್ಹಾಳಾವನ್ನು ಇಪ್ಪತ್ತೈದಕ್ಕೂ ಹೆಚ್ಚು ಸಲ ಹತ್ತಬೇಕು, ಬೈಠಕದ ಲೆಕ್ಕದಲ್ಲಿ 20,000ಕ್ಕೂ ಹೆಚ್ಚು. ಈ ದೇಹವನ್ನು ಮಾಡಿದವನು ಇಷ್ಟು ಜಿಪುಣನಾಗಿರದಿದ್ದರೆ ಮನುಷ್ಯಕುಲ ಬರಗಾಲ ದಾಟಿ ಇಲ್ಲಿಯವರೆಗೆ ಬರುತ್ತಿರಲಿಲ್ಲ, ನಿಜ. ಹೊಟ್ಟೆ ಇಳಿಸಲು ಹೊರಟವನಿಗೆ ಅದರಿಂದೇನು ಸಮಾಧಾನ?

ಮರಳಿ ಶುರು ಮಾಡಿದವರು ಬಿಟ್ಟುಬಿಡುವುದು ಇಲ್ಲೇ. "ತಿಂಗಳಾತ್ರೀ ಸರ ಬೈಠಕ ಹೊಡ್ಯಾಕ ಹತ್ತಿ, ಕಾಟಾ ಮಾತ್ರ ಇಳಿವಲ್ದು ನೋಡ್ರಿ" ಎಂಬ ಮಾತು ನಮ್ಮ ಕಡೆ ಕೇಳದವರಿಲ್ಲ. ತೂಕದ ಕಾಟಾ ಸುಳ್ಳು ಹೇಳುತ್ತಿಲ್ಲ. ಏರಿದ್ದು ಏನೆಂದು ಅಳೆಯುವ ಶಕ್ತಿ ಅದಕ್ಕಿಲ್ಲ, ಅಷ್ಟೇ.

ಅದನ್ನು ಅಳೆದ ಕತೆ ಅಮೆರಿಕದ ಡಲ್ಲಾಸ್‌ನದು. 1966ರಲ್ಲಿ ಅಲ್ಲಿನ ವೈದ್ಯರು ಇಪ್ಪತ್ತು ವಯಸ್ಸಿನ ಐವರು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೈ ಪೂರ್ತಿ ದುಡಿಯುವಾಗ ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ದಮ್ಮಿನ ಅಳತೆ. ಮಲಗುವ ಮುಂಚೆ ಅವರ ಸರಾಸರಿ 3.3 ಲೀಟರ್, ಮೂರು ವಾರದ ಮೇಲೆ 2.4. ಕಾಲು ಭಾಗಕ್ಕಿಂತ ಹೆಚ್ಚು ಹೋಗಿತ್ತು. ಆಮೇಲೆ ಎಂಟು ವಾರ ಕಸರತ್ತು ಮಾಡಿಸಿ ಅವರನ್ನು ಸರಿಮಾಡಿ ಕಳಿಸಿದರು.

ಮೂವತ್ತು ವರ್ಷ ಕಳೆದು 1996ರಲ್ಲಿ ಆ ಐವರನ್ನೇ ಮತ್ತೆ ಕರೆದರು. ಎಲ್ಲರೂ ಐವತ್ತರ ಆಸುಪಾಸು. ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಬಂದಿತ್ತು, ಮೈಯ ಕೊಬ್ಬಿನ ಪಾಲು ಶೇ 14ರಿಂದ 28ಕ್ಕೆ. ತಾಲೀಮು ಬಿಟ್ಟ ನಮ್ಮ ಪೈಲ್ವಾನರ ಪಕ್ಕದಲ್ಲಿ ನಿಲ್ಲಿಸಿದರೆ ಗುರುತು ಸಿಗುತ್ತಿರಲಿಲ್ಲ. ದಮ್ಮು ಎಷ್ಟು ಇಳಿದಿತ್ತು? ಶೇ 12ರಷ್ಟು. ಮೂವತ್ತು ವರ್ಷದ ಸಂಸಾರ, ಕುರ್ಚಿ, ಹೊಟ್ಟೆ ಎಲ್ಲ ಸೇರಿ ಕಿತ್ತುಕೊಂಡದ್ದು, ಇಪ್ಪತ್ತರಲ್ಲಿ ಇಪ್ಪತ್ತೊಂದು ದಿನದ ಹಾಸಿಗೆ ಕಿತ್ತುಕೊಂಡದ್ದರ ಅರ್ಧಕ್ಕೂ ಕಮ್ಮಿ!

ಅವರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಕೊಟ್ಟರು. ಸ್ವಲ್ಪದರಿಂದ ಶುರುವಾಗಿ ಕೊನೆಗೆ ವಾರಕ್ಕೆ ಸರಾಸರಿ ನಾಲ್ಕೂವರೆ ತಾಸು. ವಾರದ 168 ತಾಸಿನಲ್ಲಿ ಅದು ಶೇ 3ಕ್ಕಿಂತ ಕಡಿಮೆ. ಆರು ತಿಂಗಳ ಕೊನೆಗೆ ದಮ್ಮು 1966ರಲ್ಲಿ, ಮಲಗುವ ಮುಂಚೆ, ಎಲ್ಲಿತ್ತೋ ಅಲ್ಲಿಗೆ ಬಂದು ನಿಂತಿತು. ತೂಕ ಇಳಿದದ್ದು ನಾಲ್ಕೈದು ಕಿಲೋ ಮಾತ್ರ. ಕೊಬ್ಬಿನ ಪಾಲು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಮನೆಯ ಕಾಟಾವನ್ನೇ ನಂಬಿದ್ದರೆ ಆ ಐವರೂ ಎರಡನೇ ತಿಂಗಳಲ್ಲೇ ಮನೆಗೆ ಹೋಗುತ್ತಿದ್ದರು. ಹೃದಯ ಹೊರಹಾಕುವ ರಕ್ತದ ಪ್ರಮಾಣವೂ ಏರಿರಲಿಲ್ಲ. ಬಂದ ರಕ್ತದಿಂದ ಹೆಚ್ಚು ಆಮ್ಲಜನಕ ಹೀರಿಕೊಳ್ಳಲು ಸ್ನಾಯು ಕಲಿತಿತ್ತು.

ಇಪ್ಪತ್ತರಲ್ಲಿ ಎಂಟು ವಾರದ ಕಸರತ್ತಿನ ಮೇಲೆ ಅವರು ಮುಟ್ಟಿದ್ದ ಎತ್ತರ ಮಾತ್ರ ಯಾರಿಗೂ ಮತ್ತೆ ಸಿಗಲಿಲ್ಲ. ಐವರ ಲೆಕ್ಕ ಸಣ್ಣದು ಎನ್ನುವವರಿಗೆ 2018ರ ಇನ್ನೊಂದು ಲೆಕ್ಕವಿದೆ: ಸರಾಸರಿ 53 ವಯಸ್ಸಿನ, ಕೂತೇ ಕಾಲ ಕಳೆದ 53 ಮಂದಿ ಅಧ್ಯಯನವನ್ನು ಎರಡು ವರ್ಷ ಬಿಡದೆ ಮುಗಿಸಿದರು. ಅವರಲ್ಲಿ ಕಸರತ್ತಿನ ಗುಂಪಿನವರ ದಮ್ಮು ಶೇ 18ರಷ್ಟು ಏರಿತು, ಪೆಡಸಾಗತೊಡಗಿದ್ದ ಹೃದಯದ ಗೋಡೆ ಮೆತ್ತಗಾಯಿತು.

ನಮ್ಮಲ್ಲಿ ಕಸರತ್ತಿನ ಬಾಗಿಲು ತಟ್ಟುವವರೆಷ್ಟು? 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ವಾರಕ್ಕೆ 150 ನಿಮಿಷದ ನಡಿಗೆಯಷ್ಟೂ ಮೈ ಅಲುಗಿಸುವುದಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ತಾಲೀಮಿನ ಹೊಸ್ತಿಲು ಹೆಣ್ಣುಮಕ್ಕಳಿಗೆ ಎಷ್ಟೋ ತಲೆಮಾರು ಮುಚ್ಚಿತ್ತು. ರಂಕಾಳಾ ಕೆರೆಯ ದಂಡೆಗೆ ಹೊಸ್ತಿಲಿಲ್ಲ. ಬೆಳಿಗ್ಗೆ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ ಬಿರಬಿರನೆ ನಡೆಯುವ ಹೆಂಗಸರನ್ನು ನಾನು ಖಾಸಬಾಗದ ಮೆಟ್ಟಿಲ ಮೇಲಿನವರಿಗಿಂತ ದೊಡ್ಡ ಪೈಲ್ವಾನರೆಂದೇ ಎಣಿಸುತ್ತೇನೆ.

ಬಿಟ್ಟು ಹಿಡಿದವರಲ್ಲಿ ಎಡ್ ವಿಟ್ಲಾಕ್‌ರದು ಬೇರೆಯೇ ಅಳತೆ. ಲಂಡನ್ನಿನಲ್ಲಿ ಹುಡುಗನಾಗಿ ಓಡುತ್ತಿದ್ದವರು, ಕೆನಡಾಕ್ಕೆ ವಲಸೆ ಹೋಗಿ ಓಟ ಮರೆತು, ನಲವತ್ತು ದಾಟಿದ ಮೇಲೆ ಮತ್ತೆ ಶುರು ಮಾಡಿದರು. 73ನೇ ವಯಸ್ಸಿನಲ್ಲಿ 42 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಗಡಹಿಂಗ್ಲಜದ ಫುಟ್‌ಬಾಲ್ ಹುಡುಗರಲ್ಲೂ ಆ ವೇಗ ಐದು ಕಿಲೋಮೀಟರಿನಾಚೆ ಹಿಡಿಯುವವರು ಕಮ್ಮಿ ಸಿಕ್ಕಾರು. 85ರಲ್ಲಿ ಅವರ ಸಮಯ 3 ಗಂಟೆ 56 ನಿಮಿಷ.

ಆದರೆ ವಿಟ್ಲಾಕ್‌ರ ಹಾಗೆ ನಾಳೆಯೇ ಓಡಲು ಹೊರಡುವವರು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವನ್ನು ಒಮ್ಮೆ ಬೆರಳಿನಿಂದ ಹಿಡಿದು ನೋಡಬೇಕು. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲದ ಜಾಡು ಹಿಡಿದು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಕಂಡುಕೊಂಡದ್ದಿದು: ಆ ರಜ್ಜುವಿನ ತಿರುಳು ಸುಮಾರು ಹದಿನೇಳನೇ ವಯಸ್ಸಿಗೆ ಕಟ್ಟಿ ಮುಗಿಯುತ್ತದೆ, ಆಮೇಲೆ ಹೊಸದಾಗುವುದಿಲ್ಲವೆನ್ನುವಷ್ಟು ಕಡಿಮೆ. ಐವತ್ತರವನ ಮೈಯಲ್ಲಿರುವುದು ಪಿಯುಸಿಯ ಕಾಲದ ರಜ್ಜು. ಓಡುವಾಗ ಅದು ಹೆಜ್ಜೆ ಹೆಜ್ಜೆಗೂ ಮೈತೂಕದ ಆರು ಪಟ್ಟಿಗಿಂತ ಹೆಚ್ಚು ಎಳೆತ ತಡೆಯುತ್ತದೆ. 70 ಕಿಲೋದವನಿಗೆ ಒಂದು ಕಿಲೋಮೀಟರಿನಲ್ಲಿ ಒಂದೊಂದು ಕಾಲಿಗೆ 500 ಹೆಜ್ಜೆ ಹಿಡಿದರೂ ಒಟ್ಟು 210 ಟನ್. ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರಿನಲ್ಲಿ ಸುಮಾರು 20 ಟನ್ ಎಳೆಯುತ್ತದೆ ಎಂದುಕೊಂಡರೆ, ಅಂಥ ಹತ್ತು ಟ್ರ್ಯಾಕ್ಟರಿನ ಹೊರೆ. ದಮ್ಮು ಕೆಲವೇ ವಾರದಲ್ಲಿ ಮರಳಿ "ಇನ್ನೊಂದು ಸುತ್ತು" ಎನ್ನುತ್ತದೆ. ಈ ರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಆದ್ದರಿಂದ ಓಟವಾಗಲಿ ಬೈಠಕವಾಗಲಿ, ಮೊದಲ ಮೂರು ತಿಂಗಳು ಎಷ್ಟು ಸಾಕು ಎಂಬ ಮಾತನ್ನು ಹಿಮ್ಮಡಿಯನ್ನೇ ಕೇಳಬೇಕು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ನಾಲ್ಕು ಹೆಜ್ಜೆಯಲ್ಲಿ ಅದು ನೋಯದಿದ್ದರೆ ಇವತ್ತು ಇನ್ನು ಐದು ಬೈಠಕ, ನೋಯುತ್ತಿದ್ದರೆ ನಿನ್ನೆಯಷ್ಟೇ.