ಸ್ವಾತಂತ್ರ್ಯ ದಿನಾಚರಣೆಗೆ ತಗಡಿನ ಉಬ್ಬುಚಿತ್ರದ ಅಲಂಕಾರಗಳು: ತಯಾರಿಕೆಯ ವಿಧಾನ ಮತ್ತು ಪಾಲಿಸಬೇಕಾದ ನಿಯಮಗಳು

ಪೀಠಿಕೆ

ಪ್ರತಿ ವರ್ಷ ಆಗಸ್ಟ್ 15ರ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭದಲ್ಲಿ ಎದೆಗೆ ಧರಿಸುವ ಬಿಲ್ಲೆ, ಬಾಗಿಲಿಗೆ ಕಟ್ಟುವ ತೋರಣ ಹಾಗೂ ವೇದಿಕೆಯ ಅಲಂಕಾರ ವಸ್ತುಗಳಿಗೆ ಶಾಲೆಗಳಿಂದಲೂ ಸಂಘ-ಸಂಸ್ಥೆಗಳಿಂದಲೂ ಬೇಡಿಕೆ ಇರುತ್ತದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟಗಳೂ ಸೇರಿವೆ. ಈ ಹಿನ್ನೆಲೆಯಲ್ಲಿ ಕೈಯಿಂದ ತಯಾರಿಸಿ ಹಲವು ವರ್ಷ ಬಳಸಬಹುದಾದ ತಗಡಿನ ಉಬ್ಬುಚಿತ್ರಗಳು ಉತ್ತಮ ಪರ್ಯಾಯವಾಗಿವೆ. ಆದರೆ ಅವುಗಳ ಮೇಲೆ ಯಾವ ಚಿತ್ರವನ್ನು ಮೂಡಿಸಬಹುದು, ಯಾವುದನ್ನು ಮೂಡಿಸಬಾರದು ಎಂಬುದನ್ನು ತಗಡು ಖರೀದಿಸುವ ಮೊದಲೇ ತಿಳಿದಿರುವುದು ಅವಶ್ಯಕ. ಸಾರ್ವಜನಿಕರ ಹಾಗೂ ಕುಶಲಕರ್ಮಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಚಿತ್ರದ ಆಯ್ಕೆ ಮತ್ತು ಕಾನೂನಿನ ನಿಬಂಧನೆಗಳು

1. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ತೋರಣವಾಗಿಯಾಗಲಿ, ಇನ್ನಾವುದೇ ಅಲಂಕಾರದ ರೂಪದಲ್ಲಾಗಲಿ ಬಳಸತಕ್ಕದ್ದಲ್ಲ. ಧ್ವಜದ ಮೇಲೆ ಯಾವುದೇ ಬರಹವೂ ಇರತಕ್ಕದ್ದಲ್ಲ.

2. ಲಾಂಛನಗಳು ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಅಧಿನಿಯಮ, 1950ರ ಅನುಸೂಚಿಯಲ್ಲಿ ರಾಷ್ಟ್ರಧ್ವಜ, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಲಾಂಛನಗಳು, ಅಶೋಕ ಚಕ್ರ ಮತ್ತು ಮಹಾತ್ಮ ಗಾಂಧಿಯವರ ಚಿತ್ರ ಸೇರಿವೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಇವುಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಮೂಲವನ್ನು ಹೋಲುವ ಅನುಕರಣೆಗೂ ಈ ನಿಷೇಧ ಅನ್ವಯಿಸುತ್ತದೆ.

3. ಸಾರನಾಥದ ಸಿಂಹಸ್ತಂಭವನ್ನು ಆಧರಿಸಿದ ರಾಷ್ಟ್ರ ಲಾಂಛನದ ಬಳಕೆಯನ್ನು 2005ರ ಅಧಿನಿಯಮವು ಪ್ರತ್ಯೇಕವಾಗಿ ನಿಯಂತ್ರಿಸುತ್ತದೆ. ಗಂಡಭೇರುಂಡವನ್ನು ಒಳಗೊಂಡ ಕರ್ನಾಟಕ ಸರ್ಕಾರದ ಲಾಂಛನವನ್ನೂ ಬಿಲ್ಲೆಗಳ ಮೇಲೆ ಮೂಡಿಸಬಾರದು.

ಈ ನಿಯಮಗಳ ಹಿಂದಿನ ಕಾರಣ ಸರಳವಾದುದು. ಬಿಲ್ಲೆಯೊಂದು ಸಮಾರಂಭದ ನಂತರ ಮೈದಾನದಲ್ಲಿ ಬೀಳಬಹುದು, ಕಾಲಿಗೆ ಸಿಗಬಹುದು, ಕೊನೆಗೆ ಗುಜರಿ ಅಂಗಡಿಯನ್ನು ಸೇರಬಹುದು. ರಾಷ್ಟ್ರಧ್ವಜಕ್ಕೂ ಲಾಂಛನಕ್ಕೂ ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.

ಇದರಿಂದ ಚಿತ್ರಗಳಿಗೆ ಕೊರತೆಯಾಗುವುದಿಲ್ಲ. ನವಿಲು, ಕಮಲ, ನಕ್ಷತ್ರ, ಭತ್ತದ ತೆನೆ ಮೊದಲಾದವನ್ನು ಬಳಸಬಹುದು. ಸ್ಥಳೀಯ ಇತಿಹಾಸವನ್ನು ನೆನಪಿಸುವ ಚಿತ್ರಗಳು ಇನ್ನೂ ಅರ್ಥಪೂರ್ಣ. ಉದಾಹರಣೆಗೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಗೋಲಿಬಾರ್ ನಡೆದು ಹಲವರು ಪ್ರಾಣ ತೆತ್ತರು. ಆ ಊರಿನ ಹೆಸರಿನಲ್ಲಿಯೇ ಇರುವ ಅಶ್ವತ್ಥದ ಎಲೆಯನ್ನು ಬಿಲ್ಲೆಯ ಮೇಲೆ ಮೂಡಿಸಿದರೆ, ಧ್ವಜದ ಚಿತ್ರವಿಲ್ಲದೆಯೇ ಧ್ವಜಕ್ಕಾಗಿ ಮಡಿದವರ ಸ್ಮರಣೆಯಾಗುತ್ತದೆ. ನಡುನರ ಮತ್ತು ಕವಲುನರಗಳು ಸ್ಪಷ್ಟವಾಗಿರುವುದರಿಂದ ಹೊಸದಾಗಿ ಕಲಿಯುವವರಿಗೂ ಈ ಎಲೆ ಸುಲಭವಾಗಿರುತ್ತದೆ.

ಅಗತ್ಯ ಸಾಮಗ್ರಿಗಳು

ಕೈಯಿಂದ ಒತ್ತಿ ಮಾಡುವ ಕೆಲಸಕ್ಕೆ ಸುಮಾರು 0.15 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಅಥವಾ ತಾಮ್ರದ ಮೆದು ತಗಡು ಸೂಕ್ತ. ಆಗಸ್ಟ್ ತಿಂಗಳು ಮಳೆಗಾಲವಾದುದರಿಂದ ತುಕ್ಕು ಹಿಡಿಯುವ ಕಬ್ಬಿಣದ ತಗಡನ್ನು ಬಳಸದಿರುವುದು ಒಳ್ಳೆಯದು. ಇದಲ್ಲದೆ ಶಾಯಿ ಮುಗಿದ ಬಾಲ್ ಪೆನ್, ತುದಿಯನ್ನು ನುಣುಪುಗೊಳಿಸಿದ ಮರದ ಕಡ್ಡಿ, ದಪ್ಪನಾಗಿ ಮಡಚಿದ ಹಳೆಯ ದಿನಪತ್ರಿಕೆ, ಒಂದು ನುಣುಪಾದ ಟೈಲ್ಸ್ ತುಂಡು, ಕತ್ತರಿ, ಮರಳು ಕಾಗದ ಮತ್ತು ಮೇಣ ಬೇಕಾಗುತ್ತವೆ.

ತಯಾರಿಕೆಯ ವಿಧಾನ

1. ತೆಳುವಾದ ಕಾಗದದ ಮೇಲೆ ಚಿತ್ರವನ್ನು ಬರೆದು ತಗಡಿನ ಮೇಲೆ ಅಂಟುಪಟ್ಟಿಯಿಂದ ಭದ್ರಪಡಿಸಬೇಕು. ತಗಡನ್ನು ದಿನಪತ್ರಿಕೆಯ ಮೇಲಿಟ್ಟು, ಪೆನ್ನಿನ ತುದಿಯಿಂದ ರೇಖೆಗಳನ್ನು ಒತ್ತಿ ತಿದ್ದಬೇಕು.

2. ತಗಡನ್ನು ಮಗುಚಿ, ರೇಖೆಗಳ ನಡುವಿನ ಭಾಗವನ್ನು ಮರದ ಕಡ್ಡಿಯಿಂದ ಮಧ್ಯದಿಂದ ಅಂಚಿನ ಕಡೆಗೆ ನಿಧಾನವಾಗಿ ತೀಡಬೇಕು. ಹಿಂಬದಿಯಿಂದ ತೀಡಿದ ಭಾಗವು ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ. ಒಂದೇ ಸಲಕ್ಕೆ ಬಲವಾಗಿ ಒತ್ತಿದರೆ ತಗಡು ಹರಿಯುತ್ತದೆ.

3. ಪುನಃ ಮುಂಬದಿಗೆ ತಿರುಗಿಸಿ, ಟೈಲ್ಸ್ ತುಂಡಿನ ಮೇಲಿಟ್ಟು, ಚಿತ್ರದ ಸುತ್ತಲಿನ ಬಯಲನ್ನು ಒತ್ತಿ ಸಮಗೊಳಿಸಬೇಕು. ಉಬ್ಬು ಎದ್ದು ಕಾಣುವುದು ಈ ಹಂತದಲ್ಲಿಯೇ.

4. ಅಕ್ಷರ ಅಥವಾ ಇಸವಿಯನ್ನು ಹಿಂಬದಿಯಿಂದ ಒತ್ತುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆಯತಕ್ಕದ್ದು. ಇಲ್ಲವಾದಲ್ಲಿ ಮುಂಬದಿಯಲ್ಲಿ ಅಕ್ಷರಗಳು ಉಲ್ಟಾ ಮೂಡುತ್ತವೆ.

5. ಹಿಂಬದಿಯ ತಗ್ಗುಗಳಿಗೆ ಕರಗಿದ ಮೇಣವನ್ನು ತುಂಬಿದರೆ ಉಬ್ಬು ನೆಗ್ಗುವುದಿಲ್ಲ.

6. ಚಿತ್ರದ ಸುತ್ತ ಸುಮಾರು 3 ಮಿ.ಮೀ. ಬಿಟ್ಟು ಕತ್ತರಿಸಿ, ಆ ಅಂಚನ್ನು ಹಿಂದಕ್ಕೆ ಮಡಚಿ ಒತ್ತಬೇಕು. ಮಡಚಲಾಗದ ಮೂಲೆಗಳನ್ನು ಮರಳು ಕಾಗದದಿಂದ ಉಜ್ಜಬೇಕು.

7. ತಾಮ್ರದ ವಸ್ತುವನ್ನು ಹುಣಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿದ ನಂತರ ತೆಳುವಾಗಿ ವಾರ್ನಿಷ್ ಲೇಪಿಸಿದರೆ ಬೇಗನೆ ಕಿಲುಬು ಹಿಡಿಯುವುದಿಲ್ಲ.

ದಪ್ಪ ತಗಡಿನ ಕೆಲಸ

ದೇವಾಲಯಗಳ ಪ್ರಭಾವಳಿ ಹಾಗೂ ಬೆಳ್ಳಿಯ ಕವಚಗಳನ್ನು ಮಾಡುವ ಕುಶಲಕರ್ಮಿಗಳು ಇದೇ ತತ್ತ್ವವನ್ನು ದಪ್ಪ ತಗಡಿಗೆ ಅನ್ವಯಿಸುತ್ತಾರೆ. ತಗಡನ್ನು ಅರಗಿನಂತಹ ಮೆತ್ತನೆಯ ಹಾಸಿನ ಮೇಲೆ ಕೂರಿಸಿ, ಚಾಣ ಮತ್ತು ಸುತ್ತಿಗೆಯಿಂದ ಉಬ್ಬು ತೆಗೆಯಲಾಗುತ್ತದೆ. ಬಡಿದಷ್ಟೂ ಲೋಹವು ಗಡುಸಾಗುವುದರಿಂದ ಆಗಾಗ್ಗೆ ಕಾಯಿಸಿ ಮೆದುಗೊಳಿಸಬೇಕಾಗುತ್ತದೆ. ಬಿದರಿ ಕಲೆಯು ಇದಕ್ಕಿಂತ ಭಿನ್ನ. ಅಲ್ಲಿ ಲೋಹದ ಮೈಯಲ್ಲಿ ಗೀರು ಕೊರೆದು ಬೆಳ್ಳಿಯನ್ನು ಕೂರಿಸಲಾಗುತ್ತದೆಯೇ ಹೊರತು ತಗಡನ್ನು ಉಬ್ಬಿಸುವುದಿಲ್ಲ.

ಸುರಕ್ಷತೆ

ಕತ್ತರಿಸಿದ ತಗಡಿನ ಅಂಚು ಚಾಕುವಿನಷ್ಟೇ ಹರಿತವಾಗಿರುತ್ತದೆ. ಶಾಲೆಗಳಲ್ಲಿ ಕತ್ತರಿಸುವ ಕೆಲಸವನ್ನೂ ಮೇಣ ಕರಗಿಸುವ ಕೆಲಸವನ್ನೂ ಶಿಕ್ಷಕರು ಅಥವಾ ಪೋಷಕರೇ ನಿರ್ವಹಿಸಬೇಕು. ಚಿಕ್ಕ ಮಕ್ಕಳ ಬಿಲ್ಲೆಗೆ ಪಿನ್ನಿನ ಬದಲು ದಾರ ಕಟ್ಟುವುದು ಕ್ಷೇಮ. ಸತುವಿನ ಲೇಪನವಿರುವ ತಗಡನ್ನು ಯಾವುದೇ ಕಾರಣಕ್ಕೂ ಕಾಯಿಸಬಾರದು. ಅದರ ಹೊಗೆಯನ್ನು ಸೇವಿಸಿದರೆ ಜ್ವರ ಬರುತ್ತದೆ.

ವೆಚ್ಚದ ಲೆಕ್ಕಾಚಾರ

ಲೋಹದ ವೆಚ್ಚವನ್ನು ತೂಕದ ಮೇಲೆ ಲೆಕ್ಕ ಹಾಕುವುದು ಸೂಕ್ತ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 0.15 ಮಿ.ಮೀ. ದಪ್ಪದ ತಾಮ್ರದ ತಗಡು ಸುಮಾರು 121 ಗ್ರಾಂ ತೂಗಿದರೆ, ಅದೇ ಅಳತೆಯ ಅಲ್ಯೂಮಿನಿಯಂ ಸುಮಾರು 36 ಗ್ರಾಂ ಮಾತ್ರ ತೂಗುತ್ತದೆ. 6 ಸೆಂ.ಮೀ. ಚದರದ ತುಂಡುಗಳಾಗಿ ಕತ್ತರಿಸಿದರೆ ಒಂದು ತಗಡಿನಿಂದ 25 ಬಿಲ್ಲೆಗಳು ದೊರೆಯುತ್ತವೆ. ಅಂದರೆ ಪ್ರತಿ ಬಿಲ್ಲೆಗೆ ತಾಮ್ರವಾದರೆ ಸುಮಾರು 5 ಗ್ರಾಂ, ಅಲ್ಯೂಮಿನಿಯಂ ಆದರೆ ಸುಮಾರು ಒಂದೂವರೆ ಗ್ರಾಂ ಲೋಹ ಸಾಕು. ಬಿಲ್ಲೆಯ ಬೆಲೆಯಲ್ಲಿ ಹೆಚ್ಚಿನ ಪಾಲು ಲೋಹದ್ದಲ್ಲ, ಕೈಕೆಲಸದ್ದು. ಆದ್ದರಿಂದ ದರ ನಿಗದಿಪಡಿಸುವಾಗ ಒಂದು ಬಿಲ್ಲೆಗೆ ತಗುಲುವ ಸಮಯವನ್ನು ಗುರುತಿಸಿಕೊಂಡು, ದುಡಿಮೆಯ ಕೂಲಿಯನ್ನು ತಪ್ಪದೆ ಸೇರಿಸಬೇಕು. ಕೂಲಿಯನ್ನು ಬಿಟ್ಟು ದರ ಹೇಳಿದಲ್ಲಿ ಎಷ್ಟು ಮಾರಾಟವಾದರೂ ಮನೆಗೆ ಏನೂ ಉಳಿಯುವುದಿಲ್ಲ. ಕತ್ತರಿಸಿ ಉಳಿದ ಚೂರುಗಳನ್ನು ಲೋಹವಾರು ಬೇರ್ಪಡಿಸಿಟ್ಟರೆ ಅವುಗಳಿಗೂ ಬೆಲೆ ದೊರೆಯುತ್ತದೆ.

ಕುಶಲಕರ್ಮಿಗಳಿಗೆ ಸೂಚನೆ

ಇದನ್ನು ಜೀವನೋಪಾಯವಾಗಿ ಕೈಗೊಳ್ಳುವವರು ಉದ್ಯಮ್ ಜಾಲತಾಣದಲ್ಲಿ ಆಧಾರ್ ಸಂಖ್ಯೆಯೊಂದಿಗೆ ನೋಂದಾಯಿಸಿಕೊಳ್ಳಬಹುದು. ಈ ನೋಂದಣಿಗೆ ಸರ್ಕಾರವು ಯಾವುದೇ ಶುಲ್ಕ ವಿಧಿಸುವುದಿಲ್ಲ. ನೋಂದಣಿ ಶುಲ್ಕವೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಅರ್ಹ ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿಯನ್ನು ನೀಡುತ್ತದೆ. ಅರ್ಜಿ ಸಲ್ಲಿಸುವವರು ತಮ್ಮ ಹೆಸರು ಮತ್ತು ವಿಳಾಸ ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿ ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಸಮಾರಂಭದ ನಂತರ

ಬಿಲ್ಲೆ ಹಾಗೂ ತೋರಣಗಳನ್ನು ಅದೇ ದಿನ ಸಂಜೆ ಸಂಗ್ರಹಿಸಿ, ಒರೆಸಿ, ಕಾಗದದಲ್ಲಿ ಸುತ್ತಿ ತೇವವಿಲ್ಲದ ಸ್ಥಳದಲ್ಲಿ ಇಡಬೇಕು. ಸಮಾರಂಭದಲ್ಲಿ ಬಳಸಿದ ಕಾಗದದ ಧ್ವಜಗಳಿದ್ದಲ್ಲಿ ಅವುಗಳನ್ನು ನೆಲದ ಮೇಲೆ ಬಿಸಾಡದೆ, ಧ್ವಜ ಸಂಹಿತೆಯಂತೆ ಖಾಸಗಿಯಾಗಿ ಗೌರವಪೂರ್ವಕ ವಿಲೇವಾರಿ ಮಾಡತಕ್ಕದ್ದು. ಜೋಪಾನವಾಗಿಟ್ಟ ತಗಡಿನ ಬಿಲ್ಲೆಯನ್ನು ಮುಂದಿನ ವರ್ಷ ಅದೇ ಶಾಲೆಯ ಮತ್ತೊಂದು ಮಗು ಧರಿಸಬಹುದಾಗಿದೆ.