ಕುದುರೆಯ ಅಭಿಪ್ರಾಯ

ಕುದುರೆಯನ್ನು ಪಳಗಿಸುವುದೆಂದರೆ ಅಪ್ಪಣೆ ಮಾಡುವ ಮನುಷ್ಯನೊಬ್ಬ, ಅದರಂತೆ ನಡೆಯುವ ಪ್ರಾಣಿಯೊಂದು ಎಂಬುದೇ ಸಾಮಾನ್ಯವಾದ ತಿಳಿವಳಿಕೆ. ಆದರೆ ಈ ಪಾಠ ನಡೆಯುವಾಗ ಕುದುರೆಯೂ ಸುಮ್ಮನಿರುವುದಿಲ್ಲ; ತನ್ನ ಶಿಕ್ಷಕನನ್ನು ಅನುಕ್ಷಣವೂ ಗಮನಿಸುತ್ತಿರುತ್ತದೆ. ನಾವು ಅದನ್ನು ಎಷ್ಟರಮಟ್ಟಿಗೆ ಗಮನಿಸುತ್ತೇವೆ? ಪಳಗಿಸುವ ಕಲೆಯ ತಿರುಳೆಲ್ಲ ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಮೊದಲು ಕುದುರೆಯ ಸ್ವಭಾವವನ್ನು ನೋಡೋಣ. ಬಯಲಿನಲ್ಲಿ ಹುಲ್ಲು ಮೇಯುತ್ತ, ಕ್ರೂರಮೃಗಗಳ ಬಾಯಿಂದ ಓಡಿ ತಪ್ಪಿಸಿಕೊಂಡು ಬದುಕಿ ಬಂದ ವಂಶ ಅದರದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಕತ್ತು ಹೊರಳಿಸದೆಯೇ ಸುತ್ತಲಿನ ಬಹುಭಾಗವನ್ನು ನೋಡಬಲ್ಲುದು. ಬಾಲದ ನೇರ ಹಿಂದುಗಡೆ ಮತ್ತು ಹಣೆಯ ತೀರ ಮುಂದುಗಡೆ ಇರುವುದು ಮಾತ್ರ ಅದಕ್ಕೆ ಕಾಣದು. ಸದ್ದಿಲ್ಲದೆ ಹಿಂದಿನಿಂದ ಬಂದು ಮುಟ್ಟಿದವನನ್ನು ಅದು ಒದ್ದರೆ ಅದಕ್ಕೆ ಕಾರಣ ತುಂಟತನವಲ್ಲ, ಭೀತಿ. ಆದುದರಿಂದಲೇ ಅನುಭವಸ್ಥರು ಹೆಗಲಿನ ಕಡೆಯಿಂದ, ಮೆಲ್ಲನೆ ಮಾತನಾಡುತ್ತ ಅದರ ಸಮೀಪಕ್ಕೆ ಬರುತ್ತಾರೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಶ್ವವಿದ್ಯೆಯನ್ನು ಕುರಿತು ಗ್ರಂಥ ಬರೆದ ಗ್ರೀಕ್ ಲೇಖಕ ಕ್ಸೆನೊಫನ್ನನೂ ಕುದುರೆಯೊಡನೆ ಎಂದೂ ಕೋಪದಿಂದ ವರ್ತಿಸಬಾರದೆಂದು ವಿಧಿಸಿದ್ದಾನೆ.

ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆಂಬುದಕ್ಕೆ ಬರ್ಲಿನ್ ನಗರದ ‘ಹಾನ್ಸ್’ ಎಂಬ ಕುದುರೆಯೇ ಪ್ರಸಿದ್ಧ ನಿದರ್ಶನ. ಗಣಿತದ ಉಪಾಧ್ಯಾಯನಾಗಿದ್ದ ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟನ್, ತಾನು ಅದಕ್ಕೆ ಲೆಕ್ಕ ಕಲಿಸಿರುವುದಾಗಿ ನಂಬಿದ್ದನು. ಕೇಳಿದ ಪ್ರಶ್ನೆಗೆ ಹಾನ್ಸ್ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಇದನ್ನು ಪರಿಶೀಲಿಸಿದ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಬಳಿಕ ಆಸ್ಕರ್ ಫುಂಗ್ಸ್ಟ್ ಎಂಬಾತನು ಪ್ರಯೋಗಗಳನ್ನು ನಡೆಸಿ, 1907ರಲ್ಲಿ ಅದರ ರಹಸ್ಯವನ್ನು ಪ್ರಕಟಿಸಿದನು. ಪ್ರಶ್ನಿಸುವವನಿಗೇ ಉತ್ತರ ತಿಳಿಯದಿದ್ದರೆ, ಅಥವಾ ಅವನು ಕುದುರೆಯ ಕಣ್ಣಿಗೆ ಬೀಳದಿದ್ದರೆ, ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸುವವನ ತಲೆ, ಅವನಿಗೇ ಅರಿವಿಲ್ಲದೆ, ಅತ್ಯಲ್ಪವಾಗಿ ಮೇಲೇಳುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಹಾನ್ಸನಿಗೆ ಗಣಿತ ಬರುತ್ತಿರಲಿಲ್ಲ. ಮನುಷ್ಯನನ್ನು ಓದುವುದು ಬರುತ್ತಿತ್ತು.

ನಮ್ಮ ಮೈಯ ಇಷ್ಟು ಸಣ್ಣ ಚಲನೆಯನ್ನೂ ಗ್ರಹಿಸುವ ಪ್ರಾಣಿಗೆ ಬಲವಂತವೇಕೆ ಬೇಕು? ಸವಾರನು ಕಾಲಿನಿಂದ ಅದರ ಪಕ್ಕೆಯನ್ನು ಮೆಲ್ಲನೆ ಒತ್ತುತ್ತಾನೆ. ಕುದುರೆ ಹೆಜ್ಜೆಯಿಟ್ಟ ಕ್ಷಣದಲ್ಲಿಯೇ ಒತ್ತುವುದನ್ನು ನಿಲ್ಲಿಸಿದರೆ, ಕೇಳಿದ್ದು ಇದನ್ನೇ ಎಂಬುದು ಅದಕ್ಕೆ ತಿಳಿಯುತ್ತದೆ. ಪಾಠ ಕಲಿಸುವುದು ಒತ್ತಡವಲ್ಲ, ಒತ್ತಡದಿಂದ ದೊರೆಯುವ ಬಿಡುಗಡೆ. ಹೆಜ್ಜೆಯಿಟ್ಟ ಮೇಲೂ ಒತ್ತುತ್ತಲೇ ಇದ್ದರೆ, ಲಗಾಮನ್ನು ಸದಾ ಜಗ್ಗಿಯೇ ಹಿಡಿದಿದ್ದರೆ, ಯಾವುದು ಸರಿಯೆಂದು ತಿಳಿಯಲು ಅದಕ್ಕೆ ದಾರಿಯೇ ಇಲ್ಲ. ಆಗ ಅದು ಪ್ರತಿಭಟಿಸುತ್ತದೆ, ಇಲ್ಲವೆ ಬೇಸತ್ತು ಜಡವಾಗುತ್ತದೆ. ಈ ಜಡತ್ವವನ್ನೇ ಅನೇಕರು ವಿಧೇಯತೆಯೆಂದು ಭ್ರಮಿಸುತ್ತಾರೆ.

ಹಾಗಾದರೆ ಕುದುರೆ ತನಗೆ ಬೇಕಾದುದನ್ನು ನಮಗೆ ತಿಳಿಸಬಲ್ಲುದೆ? ನಾರ್ವೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು 23 ಕುದುರೆಗಳಿಗೆ ಮೂರು ಫಲಕಗಳ ಅರ್ಥವನ್ನು ಕಲಿಸಿದರು. ಒಂದರ ಅರ್ಥ ‘ಹೊದಿಕೆ ಹೊದಿಸಿರಿ’. ಇನ್ನೊಂದರದು ‘ಹೊದಿಕೆ ತೆಗೆಯಿರಿ’. ಮೂರನೆಯದರದು ‘ಇದ್ದಂತೆಯೇ ಇರಲಿ’. ದಿನವೂ ಸ್ವಲ್ಪ ಹೊತ್ತಿನ ಪಾಠದಿಂದ ಎರಡೇ ವಾರಗಳಲ್ಲಿ ಎಲ್ಲ ಕುದುರೆಗಳೂ ಇದನ್ನು ಕಲಿತವು. ಬಳಿಕ ಹವೆ ಹಿತವಾಗಿದ್ದ ದಿನ ಹೊದಿಕೆ ಬೇಡವೆಂದೂ, ಮಳೆಗಾಳಿಯ ಚಳಿಯ ದಿನ ಬೇಕೆಂದೂ ಅವು ಬಹುಮಟ್ಟಿಗೆ ಮೂತಿಯಿಂದ ಫಲಕವನ್ನು ಮುಟ್ಟಿ ತಿಳಿಸಿದವು. ಇಲ್ಲಿ ಹೇಳಿದಂತೆ ಕೇಳಿದವರು ಮನುಷ್ಯರು!

ಲಾಯಲಾಯಕ್ಕೂ ಫಲಕ ತೂಗುಹಾಕಬೇಕಾಗಿಲ್ಲ. ಕಿವಿಗಳನ್ನು ಹಿಂದಕ್ಕೆ ಒರಗಿಸುವುದು, ಬಾಲವನ್ನು ಮತ್ತೆ ಮತ್ತೆ ಬೀಸುವುದು, ಜೀನು ಕಂಡೊಡನೆ ಪಕ್ಕಕ್ಕೆ ಸರಿಯುವುದು, ಇವೆಲ್ಲ ಕುದುರೆಯ ಮಾತುಗಳೇ. ನಿನ್ನೆ ಜೀನನ್ನು ಒಪ್ಪಿದ ಕುದುರೆ ಇಂದು ಒಲ್ಲೆನೆಂದರೆ, ಚಾವಟಿಯನ್ನು ಹುಡುಕುವ ಮುನ್ನ ಬೆನ್ನು ಹುಣ್ಣಾಗಿದೆಯೇ, ಕಡಿವಾಣ ಬಾಯಿಗೆ ಒತ್ತುತ್ತಿದೆಯೇ, ಹಲ್ಲು ನೋಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಇದು ದಯೆಯ ಪ್ರಶ್ನೆ ಮಾತ್ರವಲ್ಲ. ಅಂಥ ಬಲಿಷ್ಠ ಪ್ರಾಣಿಯ ಬೆನ್ನೇರುವವನ ಪ್ರಾಣದ ಪ್ರಶ್ನೆಯೂ ಹೌದು. ಕಿವಿ ಬಾಲಗಳಿಂದ ಹೇಳಿದುದಕ್ಕೆ ನಾವು ಕಿವಿಗೊಡದಿದ್ದರೆ, ಅದನ್ನೇ ಕಾಲಿನಿಂದ ಹೇಳುವುದು ಕುದುರೆಗೆ ಅನಿವಾರ್ಯವಾಗುತ್ತದೆ.