ಹೊರಗೆ ಮೆರುಗು, ಒಳಗೆ ತೇವ: ಮರದ ದೋಣಿಯೊಂದರ ಲೆಕ್ಕ

ಲೆಕ್ಕಪರಿಶೋಧಕನ ಮೇಜಿಗೆ ಲೆಡ್ಜರು, ವೋಚರು, ಬ್ಯಾಂಕ್ ವಿವರಪಟ್ಟಿಗಳು ಬರುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮೂರನೆಯ ವಾರ, ನನ್ನ ಮೇಜಿನ ಮೇಲೆ ಮರದ ದೋಣಿಯೊಂದು ಬಂದು ಕುಳಿತಿತು. ಕೊಳ್ಳೇಗಾಲದ ಸಮೀಪ ಮರಗೆಲಸದ ಸಣ್ಣ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರು ಅದನ್ನು ತಂದಿದ್ದರು. ಒಂದು ಮೊಳ ಉದ್ದ, ನಡುವೆ ಹಾಯಿಕಂಬ, ಒಡಲಿಗೆ ಕೆಂಪು ಬಣ್ಣ. ತೊಟ್ಟಿಯಲ್ಲಿ, ಕೊಳದಲ್ಲಿ ತೇಲಿಬಿಡಬಹುದಾದ ದೋಣಿ ಎಂದು ಹೇಳಿ ಬೆಂಗಳೂರಿನ ವರ್ತಕರೊಬ್ಬರಿಗೆ ಮಾರಿದ್ದ ಸರಕು. ಹಬ್ಬ ಮುಗಿಯುವಷ್ಟರಲ್ಲಿ ಅದರ ಬಹುಭಾಗ ಹಿಂದಿರುಗಿತ್ತು. ತಳದಲ್ಲಿ ಬಣ್ಣ ಗುಳ್ಳೆಯೆದ್ದಿತ್ತು, ಮೂತಿಯ ಬಳಿ ಬಿರುಕು ಬಿಟ್ಟಿತ್ತು.

ಅವರು ಕೇಳಲು ಬಂದದ್ದು ಕ್ರೆಡಿಟ್ ನೋಟಿನ ವಿಚಾರ. ಕೇಳುತ್ತ ಕೇಳುತ್ತ, “ಸಾರ್, ಮೂರು ಕೋಟು ಎನಾಮಲ್ ಹೊಡೆದಿದ್ದೇವೆ, ಇನ್ನೂ ಏನು ಮಾಡಬೇಕಾಗಿತ್ತು?” ಎಂದರು. ಗೋದಾಮಿನಲ್ಲಿ ಅದೇ ರೀತಿಯ ಎರಡನೆಯ ಕಂತು ಸಿದ್ಧವಾಗಿ ಕುಳಿತಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ತುಂಬಿಹೋಗಿತ್ತು. ಅದನ್ನು ಕಳುಹಿಸಿದರೆ ಹಣ ಬರಬಹುದು, ಅಥವಾ ಸರಕೇ ಮತ್ತೆ ಬರಬಹುದು.

ಮರಗೆಲಸ ನನಗೆ ತಿಳಿಯದ ವಿದ್ಯೆ. ಆದುದರಿಂದ ಇಬ್ಬರೂ ಯಳಂದೂರಿನ ಹಿರಿಯ ಬಡಗಿಯೊಬ್ಬರ ಬಳಿ ಹೋದೆವು. ಅವರು ದೋಣಿಯನ್ನು ಕೈಯಲ್ಲಿ ತೂಗಿ ನೋಡಿ, ಒಂದು ಮಾತೂ ಆಡದೆ ಗರಗಸ ತೆಗೆದು ನಡುಮಧ್ಯಕ್ಕೆ ಕೊಯ್ದರು. ಒಳಭಾಗ ಹಸಿ ಮರ. ಬಣ್ಣವೂ ಇಲ್ಲ, ಸೀಲರೂ ಇಲ್ಲ. ಡೆಕ್ಕಿನ ಹಲಗೆಯಡಿ ಕಾಣದ ಜಾಗವೆಂದು ಹಾಗೆಯೇ ಬಿಟ್ಟಿದ್ದರು. ಹಾಯಿಕಂಬದ ತೂತಿನಿಂದ ಇಳಿದ ನೀರು ಹೊರಹೋಗಲು ದಾರಿಯಿಲ್ಲದೆ ಮರವನ್ನು ಒಳಗಿನಿಂದಲೇ ನೆನೆಸಿತ್ತು. ಉಬ್ಬಿದ ಮರ ಬಣ್ಣವನ್ನು ಹೊರಕ್ಕೆ ತಳ್ಳಿತ್ತು. ಮೂರು ಕೋಟಿನ ಬದಲು ಆರು ಕೋಟು ಹೊಡೆದಿದ್ದರೂ ಗತಿ ಇದೇ ಆಗುತ್ತಿತ್ತು.

ಮರದ ಸ್ವಭಾವ

ತೇವ ಹೀರಿದ ಮರ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ನಗಣ್ಯ. ಅಡ್ಡಲಾಗಿ ಕೊಯ್ದ ತುದಿಗಳು ಪಕ್ಕದ ಮೈಗಿಂತ ಹಲವು ಪಟ್ಟು ವೇಗವಾಗಿ ನೀರು ಕುಡಿಯುತ್ತವೆ. ದೋಣಿಯ ಮೂತಿ, ಹಿಂಬದಿ, ಕೊರೆದ ತೂತುಗಳು ಎಲ್ಲವೂ ಇಂತಹ ತುದಿಗಳೇ. ಬಿರುಕು ಅಲ್ಲಿಂದಲೇ ಆರಂಭವಾದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಹನೂರು ತಾಲ್ಲೂಕಿನ ಅಂಚಿನಲ್ಲಿರುವ ಹೊಗೇನಕಲ್‌ನಲ್ಲಿ ಹರಿಗೋಲು ಕಂಡವರಿಗೆ ಇದಕ್ಕೆ ವಿರುದ್ಧವಾದ ಉಪಾಯವೊಂದು ನೆನಪಾಗಬಹುದು. ಬಿದಿರಿನ ಹೆಣಿಗೆಯ ಬುಟ್ಟಿ, ಅದರ ಹೊರಮೈಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅಲ್ಲಿ ಬಿದಿರನ್ನು ಯಾರೂ ನೀರುನಿರೋಧಕ ಮಾಡಲು ಹೋಗುವುದಿಲ್ಲ. ಒಳಮೈ ತೆರೆದೇ ಇರುತ್ತದೆ. ಕೆಲಸ ಮುಗಿದ ಮೇಲೆ ದಡದಲ್ಲಿ ಬೋರಲು ಹಾಕಿದರೆ ಗಾಳಿಗೆ ಒಣಗುತ್ತದೆ. ಹೊದಿಕೆಯೂ ಬುಟ್ಟಿಯೊಡನೆ ಬಾಗುತ್ತದೆ. ಡೆಕ್ಕು ಮುಚ್ಚಿದ ಮಾದರಿ ದೋಣಿಗೆ ಈ ಅನುಕೂಲವಿಲ್ಲ. ಅದರ ಒಳಮೈಯನ್ನು ಮುಚ್ಚುವ ಮುನ್ನವೇ ರಕ್ಷಿಸಬೇಕು.

ಸಂದರ್ಭವಶಾತ್ ಇನ್ನೊಂದು ಮಾತು. ಚನ್ನಪಟ್ಟಣದ ಗೊಂಬೆಗಳ ಅರಗಿನ ಮೆರುಗನ್ನು ಇಲ್ಲಿಯೂ ಬಳಸಬಹುದಲ್ಲವೇ ಎಂದು ಕಕ್ಷಿದಾರರು ಕೇಳಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಯಲ್ಲೇ ಕರಗಿಸಿ ಹಚ್ಚುವ ಆ ಕಲೆ ಒಣ ಬಳಕೆಯ ಆಟಿಕೆಗೆ ಅತ್ಯುತ್ತಮ. ಆದರೆ ಅರಗು ನೀರಿನಲ್ಲಿ ನಿಂತರೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಪಾಲಿಶ್ ಕೂಡ ಅರಗೇ ಆದ್ದರಿಂದ ಅದೂ ಸಲ್ಲದು. ಪ್ಲೈವುಡ್ಡಿನ ವಿಷಯದಲ್ಲಿಯೂ ಭ್ರಮೆಯುಂಟು: ಐ.ಎಸ್. 710 ಗುರುತಿನ ಮೆರೈನ್ ಪ್ಲೈ ಎಂದರೆ ಅದರ ಪದರಗಳ ನಡುವಣ ಅಂಟು ಕುದಿನೀರಿಗೂ ಬಿಡುವುದಿಲ್ಲ ಎಂದರ್ಥ, ಮರವೇ ನೀರು ಕುಡಿಯುವುದಿಲ್ಲ ಎಂದಲ್ಲ.

ಮಾಡಿದ ಬದಲಾವಣೆ

ಬಡಗಿಯವರ ಸಲಹೆಯಂತೆ ಕ್ರಮವೇ ಬದಲಾಯಿತು. ಚೆನ್ನಾಗಿ ಒಣಗಿದ ಒಡಲಿಗೆ ಉಪ್ಪುಕಾಗದ ಉಜ್ಜಿ, ಧೂಳು ಒರೆಸಿ, ಡೆಕ್ಕು ಕೂರಿಸುವ ಮೊದಲೇ ಒಳಗೆ ಎಪಾಕ್ಸಿ ರಾಳದ ಎರಡು ಕೋಟು. ತೂತುಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಸರಿಯಾದ ಅಳತೆಗೆ ಕೊರೆಯುವುದು. ಆಗ ಮೊಳೆಗಾಗಲಿ ಕಂಬಕ್ಕಾಗಲಿ ಹಸಿ ಮರದ ಸ್ಪರ್ಶವೇ ಇರದು. ಹೊರಮೈಗೂ ಎಪಾಕ್ಸಿ, ಅದರೊಡನೆ ತೆಳ್ಳನೆಯ ಗಾಜಿನ ಬಟ್ಟೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂತಹ ಜಿಡ್ಡು ಕೂರುತ್ತದೆ. ಅದನ್ನು ನೀರಿನಿಂದ ತೊಳೆದು, ಉಜ್ಜಿದ ಬಳಿಕವೇ ಪ್ರೈಮರ್ ಮತ್ತು ಬಣ್ಣ. ಬಣ್ಣ ಬರಿಯ ಅಂದಕ್ಕಲ್ಲ, ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಕೆಡುತ್ತದೆ.

ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬ ನಂಬಿಕೆ ಕೆಲಸಗಾರರಲ್ಲಿ ಬಲವಾಗಿತ್ತು. ಎಪಾಕ್ಸಿಯ ಮಟ್ಟಿಗೆ ಇದು ಶುದ್ಧ ತಪ್ಪು. ತಯಾರಕರು ಡಬ್ಬಿಯ ಮೇಲೆ ಹೇಳಿದ ಪ್ರಮಾಣ ತಪ್ಪಿದರೆ ಅದು ಎಂದಿಗೂ ಪೂರ್ಣವಾಗಿ ಗಟ್ಟಿಯಾಗುವುದಿಲ್ಲ. ಕೈಗವಸು ಹಾಕದೆ ಮುಟ್ಟಬಾರದೆಂಬುದನ್ನೂ ಹೇಳಿಯೇ ಕಲಿಸಬೇಕಾಯಿತು.

ನನಗೆ ಹೆಚ್ಚು ಹಿಡಿಸಿದ್ದು ಪರೀಕ್ಷೆಯ ವಿಧಾನ, ಏಕೆಂದರೆ ಅದು ಲೆಕ್ಕದ ವಿಧಾನ. ಸಿದ್ಧವಾದ ದೋಣಿಯನ್ನು ಗ್ರಾಮಿನ ತಕ್ಕಡಿಯಲ್ಲಿ ತೂಗಿ, 24 ಗಂಟೆ ನೀರಿನಲ್ಲಿ ತೇಲಿಸಿ, ಒರೆಸಿ ಮತ್ತೆ ತೂಗುವುದು. ತೂಕ ಏರಿದ್ದರೆ ಎಲ್ಲೋ ನೀರು ಇಳಿದಿದೆ. ಕಣ್ಣಿಗೆ ಗುಳ್ಳೆ ಕಾಣುವ ಎಷ್ಟೋ ದಿನ ಮೊದಲೇ ತಕ್ಕಡಿ ಸತ್ಯ ನುಡಿಯುತ್ತದೆ. ಗೋದಾಮಿನ ಎರಡನೆಯ ಕಂತಿನಿಂದ ತೆಗೆದ ಐದು ದೋಣಿಗಳಲ್ಲಿ ಐದೂ ತೂಕ ಏರಿದ್ದವು. ಕಂತು ಹೊರಡಲಿಲ್ಲ. ಕಕ್ಷಿದಾರರ ಮುಖ ನೋಡಲಾಗಲಿಲ್ಲ. ಕೊನೆಗೆ ಆ ಸರಕಿನ ಕೆಂಪು ಬಣ್ಣವನ್ನು ಹಾಗೆಯೇ ಉಳಿಸಿ, ಕಪಾಟಿನಲ್ಲಿಡುವ ಅಲಂಕಾರದ ವಸ್ತುವೆಂದು ಸ್ಪಷ್ಟವಾಗಿ ಬರೆದು ಕಡಿಮೆ ಬೆಲೆಗೆ ಮಾರಿದರು.

ಪುಸ್ತಕದ ಮೇಲೆ ಬೀಳುವ ಪರಿಣಾಮ

ಹಿಂದಿರುಗಿದ ಸರಕಿಗೆ ಜಿ.ಎಸ್.ಟಿ. ಕಾಯಿದೆಯ 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ ತೆರಿಗೆ ಹೊಂದಿಸಿಕೊಳ್ಳಲು, ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದೇ ಗಡುವು. ಸದಸ್ಯರು ಹಲವೊಮ್ಮೆ ಮರೆಯುವುದು ಇನ್ನೊಂದನ್ನು: ಕೆಟ್ಟ ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, 17(5)(ಎಚ್) ಪ್ರಕಾರ ಅದರ ಮರ, ಬಣ್ಣ, ಅಂಟಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕು. ಮಾಮೂಲಿಗೆ ಮೀರಿದ ಇಂತಹ ನಷ್ಟವನ್ನು ಉಳಿದ ದಾಸ್ತಾನಿನ ಮೌಲ್ಯಕ್ಕೆ ಸೇರಿಸುವುದನ್ನೂ ಲೆಕ್ಕಪತ್ರ ಮಾನಕ 2 ಒಪ್ಪುವುದಿಲ್ಲ. ಅದೇ ವರ್ಷದ ಖರ್ಚೆಂದು ಬರೆಯಬೇಕು.

ದೋಣಿಯನ್ನು ಮಕ್ಕಳ ಆಟಿಕೆಯೆಂದು ಮಾರುವುದಾದರೆ, 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಸಣ್ಣ ಘಟಕವೆಂಬ ಒಂದೇ ಕಾರಣಕ್ಕೆ ಅದು ದೊರೆಯುವುದಿಲ್ಲ. ವಿದ್ಯುನ್ಮಾನವಲ್ಲದ ಆಟಿಕೆಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ 2025ರ ಸೆಪ್ಟೆಂಬರ್ 22ರಂದು ಇಳಿದಿರುವುದು ಸಮಾಧಾನದ ಸಂಗತಿ.

ಹೊಸ ಕ್ರಮದಿಂದ ಒಂದು ದೋಣಿಯ ಸಾಮಗ್ರಿ ವೆಚ್ಚ ಏರಿತು, ಅದಕ್ಕಿಂತ ಹೆಚ್ಚಾಗಿ ದಿನಗಳು ಏರಿದವು. ನಮ್ಮ ಸೀಮೆಯಲ್ಲಿ ಅಕ್ಟೋಬರಿನ ಹಿಂಗಾರು ಮತ್ತು ದೀಪಾವಳಿಯ ಬೇಡಿಕೆ ಒಟ್ಟಿಗೇ ಬರುತ್ತವೆ. ತೇವದ ಗಾಳಿಯಲ್ಲಿ ಕೋಟಿನ ಮೇಲೆ ಕೋಟು ಅವಸರಿಸಿದ್ದೇ ಹಿಂದಿನ ವರ್ಷದ ತಪ್ಪಿನ ಅರ್ಧ ಭಾಗ. ಈಗ ಅವರು ಒಡಲಿನ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸುತ್ತಾರೆ. ದುಡಿಮೆ ಬಂಡವಾಳ ಆರು ತಿಂಗಳು ಕಟ್ಟಿಬೀಳುತ್ತದೆಂದು ನಾನು ಎಚ್ಚರಿಸಿದೆ. ಬಡ್ಡಿಯನ್ನೂ ಸೇರಿಸಿ ಬೆಲೆ ಕಟ್ಟಿ ಬೆಂಗಳೂರಿನ ವರ್ತಕರಿಗೆ ಬರೆದರು. ಅವರು ಒಪ್ಪಿದರು, ಮೊದಲ ವರ್ಷ ಅರ್ಧದಷ್ಟು ಸಂಖ್ಯೆಗೆ ಮಾತ್ರ.

ಕಳೆದ ಸಾಲಿನ ಲೆಕ್ಕಪರಿಶೋಧನೆಗೆ ವೋಚರುಗಳ ಜೊತೆ ಒಂದು ನೂರು ಪುಟದ ನೋಟುಪುಸ್ತಕವೂ ಬಂದಿತ್ತು. ಪ್ರತಿ ಸಾಲಿನಲ್ಲಿ ದೋಣಿಯ ಸಂಖ್ಯೆ, ತೇಲಿಸುವ ಮುನ್ನಿನ ತೂಕ, ಮರುದಿನದ ತೂಕ. ನಾನು ಕೇಳಿರಲಿಲ್ಲ.